ಸೌಂಡ್ ಬರುವುದಿಲ್ಲವಾ? ಮೊದಲು ಚಿಪ್ ಯಾವುದೆಂದು ನೋಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ತಾಳಮದ್ದಳೆಯ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಹಳೆ ಕ್ಯಾಸೆಟ್‌ಗಳು ಇನ್ನೂ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಅಲ್ವಾ, ಇರಲೇಬೇಕು. ಅವು ಬೂಸ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಬೇಕೆಂದು ಹೊರಟವರು ಜಾಸ್ತಿ ಸಿಕ್ಕಿಬೀಳುವುದು ಸೌಂಡ್ ಡ್ರೈವರಿನಲ್ಲಿ, ಅಂದರೆ ಸೌಂಡ್ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರಿನಲ್ಲಿ. ವಿಂಡೋಸ್ ಹೊಸದಾಗಿ ಹಾಕಿಸಿರುತ್ತಾರೆ, ಶಬ್ದವೇ ಇರುವುದಿಲ್ಲ. ಆಗ ಎಲ್ಲಾ ಡ್ರೈವರ್ ತಾನೇ ಹುಡುಕಿಕೊಡುತ್ತೇನೆ ಎನ್ನುವ ಯಾವುದೋ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ. ದಯವಿಟ್ಟು ಅದು ಬೇಡ. ನಿಮಗೆ ಬೇಕಾದ್ದು ಎರಡೇ ನಂಬರ್, ಅವು ಕಂಪ್ಯೂಟರಿನೊಳಗೇ ಇವೆ.

ವಿಂಡೋಸಿನ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿನ ಭಾಗಗಳ ಪಟ್ಟಿ) ತೆರೆಯಿರಿ. ಸೌಂಡ್ ಸಾಲಿನಲ್ಲಿರುವುದರ ಮೇಲೆ, ಅಥವಾ ಹಳದಿ ಗುರುತು ಇರುವುದರ ಮೇಲೆ, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. ಎಚ್‌ಡಿ ಆಡಿಯೋ ಎಂದು ಶುರುವಾಗುವ ಉದ್ದದ ಸಾಲಿನಲ್ಲಿ ವೆನ್ (VEN) ಆದ ಮೇಲಿನ ನಾಲ್ಕು ಅಕ್ಷರ ಕಂಪೆನಿ, ಡೆವ್ (DEV) ಆದ ಮೇಲಿನ ನಾಲ್ಕು ಚಿಪ್. 10ಇಸಿ (10EC) ಅಂದರೆ ರಿಯಲ್‌ಟೆಕ್, 1106 ಅಂದರೆ ವಿಯಾ. ರಿಯಲ್‌ಟೆಕ್‌ನಲ್ಲಿ 0662 ಇದ್ದರೆ ಎಎಲ್‌ಸಿ662, 0887 ಇದ್ದರೆ ಎಎಲ್‌ಸಿ887. ಇಷ್ಟು ಸುಲಭ.

ವೆನ್ ಆದ ಮೇಲೆ 8086, 10ಡಿಇ (10DE), 1002 ಕಂಡರೆ ಮಾತ್ರ ಜಾಗ್ರತೆ. ಅವು ಇಂಟೆಲ್, ಎನ್ವಿಡಿಯಾ, ಎಎಂಡಿ. ಸಾಮಾನ್ಯವಾಗಿ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಹೋಗುವ ಶಬ್ದದ್ದು, ಸ್ಪೀಕರ್ ಚುಚ್ಚುವ ಹಸಿರು ತೂತಿಗೂ ಅದಕ್ಕೂ ಸಂಬಂಧವಿಲ್ಲ. ಪಟ್ಟಿಯಲ್ಲಿ ಅದೊಂದೇ ಇದ್ದರೆ ಬಯೋಸಿಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್) ಹೋಗಿ ಆನ್‌ಬೋರ್ಡ್ ಆಡಿಯೋ, ಅಂದರೆ ಮದರ್‌ಬೋರ್ಡಿನದ್ದೇ ಸೌಂಡ್, ಆಫ್ ಆಗಿದೆಯಾ ನೋಡಿ.

ಇಂಟೆಲ್ ಎಚ್‌ಡಿ ಆಡಿಯೋ ಎಂಬ ಸೌಂಡ್ ವ್ಯವಸ್ಥೆ ತಂದದ್ದು 2004ರಲ್ಲಿ. ಅದಕ್ಕಿಂತ ಹಳೆಯ ಎಸಿ97 ವ್ಯವಸ್ಥೆಯ ಬೋರ್ಡಾದರೆ ಐಡಿ ಪಿಸಿಐ ಎಂದು ಶುರುವಾಗುತ್ತದೆ, ಅದರಲ್ಲಿ ಚಿಪ್ಪಿನ ಹೆಸರು ಸಿಗುವುದಿಲ್ಲ. ಕ್ಯಾಬಿನೆಟ್ ತೆರೆದು ಹಿಂದಿನ ಆಡಿಯೋ ತೂತುಗಳ ಹತ್ತಿರ ಇರುವ ಚಿಕ್ಕ ಕಪ್ಪು ಚೌಕದ ಮೇಲೆ ಓದಬೇಕು. ಏಡಿ ಚಿತ್ರ ಇದ್ದರೆ ರಿಯಲ್‌ಟೆಕ್.

ಪಕ್ಕದ ಮನೆಯ ಮಾವನಿಗೆ ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ ಎಂದಿದ್ದರು. ನನಗೆ ಸಿಟ್ಟೇ ಬಂತು. ನೋಡಿದರೆ ಎಎಲ್‌ಸಿ662, ಚಿಪ್ಪಿಗೆ ಏನೂ ಆಗಿರಲಿಲ್ಲ, ಬೇರೆ ಯಾವುದೋ ಬೋರ್ಡಿನ ಡ್ರೈವರ್ ಹಾಕಿದ್ದರು ಅಷ್ಟೆ. ಅನ್‌ಇನ್‌ಸ್ಟಾಲ್ ಕೊಡುವಾಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದೆ. ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್ ತಾನಾಗಿ ಕೂತಿತು, ಶಬ್ದ ಬಂತು. ಕೇಳುವುದಕ್ಕೆ ಮಾತ್ರವಾದರೆ ಅಷ್ಟೇ ಸಾಕು. ಅದು ಸಾಲದಿದ್ದರೆ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಕಡೆ ಬೋರ್ಡಿನ ಮಾಡೆಲ್ ನೋಡಿ, ಅದನ್ನು ಮಾಡಿದ ಕಂಪೆನಿಯ ಸೈಟಿನಿಂದಲೇ ಡ್ರೈವರ್ ತೆಗೆದುಕೊಳ್ಳಿ.

ಕ್ಯಾಸೆಟ್ ಪ್ಲೇಯರಿನ ವಯರನ್ನು ಗುಲಾಬಿ ತೂತಿಗೆ ಹಾಕಬೇಡಿ. ಅದು ಮೈಕಿನದ್ದು, ಸಣ್ಣ ಸಿಗ್ನಲನ್ನು ಹಿಗ್ಗಿಸುವುದೇ ಅದರ ಕೆಲಸ, ಹಾಡುವ ಭಾಗವತರ ಸ್ವರ ಒಡೆದು ಹಾಳಾಗುತ್ತದೆ. ನೀಲಿ ತೂತು ಲೈನ್ ಇನ್, ವಯರ್ ಅದಕ್ಕೆ ಹಾಕಿ. ವಿಂಡೋಸಿನ ಸೌಂಡ್ ಸೆಟ್ಟಿಂಗಿನ ರೆಕಾರ್ಡಿಂಗ್ ಪಟ್ಟಿಯಲ್ಲಿ ಅದು ಕಾಣದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸೇಬಲ್ಡ್ ಡಿವೈಸ್‌ಗಳನ್ನು ತೋರಿಸು ಎನ್ನಿ, ಬಂದರೆ ಎನೇಬಲ್ ಮಾಡಿ. ಆಮೇಲೆ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ಯಾಂಪಲ್ ರೇಟ್ 44,100 ಹರ್ಟ್ಸ್ ಇಟ್ಟು ರೆಕಾರ್ಡ್ ಮಾಡಬಹುದು. ಲೆವೆಲ್ ಹೊಂದಿಸುವುದು ಪಾತ್ರಗಳ ಮಾತಾಡುವ ಅರ್ಥಧಾರಿಗಳ ಮಾತು ನೋಡಿ ಅಲ್ಲ, ಚೆಂಡೆ ಜೋರಾಗುವ ಜಾಗ ಹುಡುಕಿ, ಅಲ್ಲಿ ಮೀಟರ್ ಕೆಂಪಿಗೆ ಹೋಗದ ಹಾಗೆ ಇಡಿ.