ಏರಿನಲ್ಲಿ ಮಾತ್ರ ಕೇಳುವ ಸದ್ದು

ಆ ಸದ್ದನ್ನು ಮೊದಲು ಗುರುತಿಸಿದವಳು ಅಮ್ಮ. ಉಜಿರೆಯಲ್ಲಿ ಅವಳ ಕಣ್ಣಿನ ತಪಾಸಣೆ ಮುಗಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಎಡಗಡೆಯ ಕಿಟಕಿ ಇಳಿಸಿ ಕುಳಿತಿದ್ದ ಅವಳು, "ಯಾರೋ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿರುವ ಹಾಗೆ ಕೇಳಿಸುತ್ತಿದೆಯಲ್ಲ?" ಎಂದಳು. ರೇಡಿಯೊ ನಿಲ್ಲಿಸಿದೆ. ನಿಜ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಟಕ್ ಟಕ್ ಟಕ್. ರಸ್ತೆ ಗುಡ್ಡ ಕಡಿದ ಧರೆಗೆ ಒತ್ತಿಕೊಂಡು ಹೋಗುವ ತಿರುವುಗಳಲ್ಲಿ ಸದ್ದು ಕಲ್ಲಿಗೆ ಬಡಿದು ಇನ್ನಷ್ಟು ಸ್ಪಷ್ಟವಾಗಿ ವಾಪಸು ಬರುತ್ತಿತ್ತು.

ನಮ್ಮದು 2009ರ ಡೀಸೆಲ್ ಎಸ್‌ಯುವಿ, ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಅಪ್ಪ ಕೊಂಡ ಗಾಡಿ. ಮಾರುವ ಮನಸ್ಸು ಮನೆಯಲ್ಲಿ ಯಾರಿಗೂ ಇಲ್ಲ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲೇ ನಾಲ್ಕು ಸಲ ರೇಸ್ ಮಾಡಿ, "ಟ್ಯಾಪೆಟ್ ಸದ್ದು" ಎಂದರು, ಅಂದರೆ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು ತಳ್ಳುವ ಭಾಗದ ಸದ್ದು. ಟ್ಯಾಪೆಟ್ ಗ್ಯಾಪ್ ಸರಿಪಡಿಸಿ, ಆಯಿಲ್ ಬದಲಿಸಿ ಕೊಟ್ಟರು. ಮನೆಗೆ ಬರುವವರೆಗೆ ಸದ್ದಿರಲಿಲ್ಲ. ಮರುದಿನ ಬೆಳಗ್ಗೆ ತೋಟದ ಏರು ಹತ್ತುವಾಗ ಮತ್ತೆ ಅದೇ ಅಡಕತ್ತರಿ. ಎರಡನೆಯ ಗ್ಯಾರೇಜಿನವರು ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕು, ನಲವತ್ತೈದು ಸಾವಿರವಾದರೂ ಆಗುತ್ತದೆ ಎಂದರು. ಖರ್ಚಿನ ಮಾತಿಗಿಂತ ನನ್ನನ್ನು ಕೆರಳಿಸಿದ್ದು ಬೇರೆ. ಆ ಸದ್ದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಶೆಡ್ಡಿನೊಳಗೆ ನಿಂತ ಗಾಡಿ ಸದ್ದು ಮಾಡುತ್ತಲೇ ಇರಲಿಲ್ಲ. ಏರಿಗೆ ಬನ್ನಿ ಎಂದು ಕರೆದರೆ ಯಾರಿಗೂ ಬಿಡುವಿಲ್ಲ. ಕೇಳದ ಸದ್ದಿಗೆ ಎಂಜಿನ್ ಬಿಚ್ಚುವುದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಕೆಲಸ.

ಅಷ್ಟರಲ್ಲಿ ಅಮ್ಮ ತನ್ನಷ್ಟಕ್ಕೆ ಗಮನಿಸುತ್ತ ಬಂದಿದ್ದಳು. ಏರಿನಲ್ಲಿ ಇದೆ, ಇಳಿಜಾರಿನಲ್ಲಿ ಇಲ್ಲ. ಬೆಳಗ್ಗೆ ಜೋರು, ಗಾಡಿ ಕಾದ ಮೇಲೆ ಸಣ್ಣದು. ಬ್ಲೋವರ್ ಹಾಕಿದರೆ ಹೊಗೆಯ ವಾಸನೆ. "ಘಾಟಿ ಹತ್ತಿದ ದಿನವೆಲ್ಲ ನನಗೆ ತಲೆನೋವು" ಎಂದೂ ಹೇಳಿದಳು. ಅದನ್ನು ನಾವಿಬ್ಬರೂ ತಿರುವುಗಳ ಲೆಕ್ಕಕ್ಕೆ ಹಾಕಿದ್ದೆವು.

ಮೂಡಿಗೆರೆಯ ಹತ್ತಿರದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಬಾನೆಟ್ ಎತ್ತಲಿಲ್ಲ. "ರಾತ್ರಿ ಗಾಡಿ ಇಲ್ಲೇ ಇರಲಿ, ಬೆಳಗ್ಗೆ ಆರಕ್ಕೆ ಬನ್ನಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದರು. ಬೆಳಗ್ಗೆ ಮಂಜು ಕವಿದಿತ್ತು, ಎಂಜಿನ್ ತಣ್ಣಗಿತ್ತು. ಮೂರಡಿ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಸ್ಟಾರ್ಟ್ ಮಾಡಲು ನನಗೆ ಸನ್ನೆ ಮಾಡಿದರು. ಇನ್ನೊಂದು ತುದಿಯನ್ನು ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಉದ್ದಕ್ಕೂ ಮೆಲ್ಲನೆ ಸರಿಸಿ, ಹಿಂಬದಿಯ ಕೊನೆಯ ಸಿಲಿಂಡರ್ ಬಳಿ ನಿಂತರು. ಪೈಪನ್ನು ನನ್ನ ಕೈಗೆ ಕೊಟ್ಟರು. ಅಡಕತ್ತರಿ ನನ್ನ ಕಿವಿಯೊಳಗೇ ಆಡುತ್ತಿತ್ತು. ಎಂಜಿನ್ ನಿಲ್ಲಿಸಿ ಟಾರ್ಚ್ ಹಾಕಿದರೆ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಕಾಡಿಗೆ ತೀಡಿದಂತೆ ಕಪ್ಪು ಮಸಿ. ಅಲ್ಲಿ ಎರಡನ್ನೂ ಬಿಗಿದು ಹಿಡಿಯುವ ಬೋಲ್ಟಿನಂಥ ಸ್ಟಡ್ ತುಂಡಾಗಿತ್ತು.

ಮೊದಲ ಗ್ಯಾರೇಜಿನವರು ಟ್ಯಾಪೆಟ್ ಎಂದು ಏಕೆ ಮೋಸಹೋದರು ಎಂಬುದನ್ನು ಈ ಮೆಕ್ಯಾನಿಕ್ ಬಿಡಿಸಿ ಹೇಳಿದರು. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಒಂದು ವಾಲ್ವ್ ತೆರೆಯುವುದು ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ. ಒಂದು ಸಿಲಿಂಡರ್ ಹೊಗೆ ಉಗುಳುವುದೂ ಎರಡು ಸುತ್ತಿಗೆ ಒಂದೇ ಸಲ. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಇವೆರಡೂ ತಲಾ ಒಂದು ಸಾವಿರ ಸಲ ಟಕ್ ಎನ್ನುತ್ತವೆ. ತಾಳ ಒಂದೇ, ಆದ್ದರಿಂದ ಕಿವಿಗೆ ಗೊಂದಲ. ಆದರೆ ಟ್ಯಾಪೆಟ್‌ಗೆ ಭಾರದ ಹಂಗಿಲ್ಲ. ನಿಂತ ಗಾಡಿಯಲ್ಲೂ ಕೇಳುತ್ತದೆ. ಸೋರುವ ಜಾಗ ಜೋರಾಗಿ ಸದ್ದು ಮಾಡಲು ಒಳಗಿನ ಒತ್ತಡ ಏರಬೇಕು, ಅದಕ್ಕೆ ಗಾಡಿ ಭಾರ ಎಳೆಯಬೇಕು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಅಮ್ಮ ಹೇಳಿದ ಒಂದೊಂದು ಮಾತಿಗೂ ಇಲ್ಲಿ ಕಾರಣ ಸಿಕ್ಕಿತು. ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ತಲುಪುವ ಮೊದಲೇ ಹೊಗೆ ಸೋರುತ್ತಿದ್ದುದರಿಂದ ಗಾಡಿ ಮೂರನೆಯ ಗೇರಿನಲ್ಲಿ ಎಳೆಯದೆ ಸೋಲುತ್ತಿತ್ತು. ವಾಸನೆಯ ಮಾತು ಬಂದಾಗ ಮಾತ್ರ ಅವರ ಮುಖ ಗಂಭೀರವಾಯಿತು. ಬ್ಲೋವರ್ ಗಾಳಿ ಎಳೆದುಕೊಳ್ಳುವುದು ಮುಂದಿನ ಗಾಜಿನ ಬುಡದಿಂದ. ಬಾನೆಟ್ಟಿನೊಳಗಿನ ಹೊಗೆ ಅಲ್ಲಿಂದಲೇ ಸೀಟಿನವರೆಗೆ ಬರುತ್ತದೆ, ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಎಷ್ಟು ತಿಂಗಳು ಅಮ್ಮನನ್ನು ಅದರಲ್ಲಿ ಕೂರಿಸಿದ್ದೆ ಎಂದು ನೆನೆದು ಎದೆ ಝಲ್ಲೆಂದಿತು.

ಕೆಲಸ ಎರಡು ದಿನ ಹಿಡಿಯಿತು. ತುಂಡಾದ ಸ್ಟಡ್‌ಗೆ ರಾತ್ರಿಯಿಡೀ ಆಯಿಲ್ ಕುಡಿಸಿ, ಮೇಲೊಂದು ನಟ್ ವೆಲ್ಡ್ ಮಾಡಿ, ಅದರ ಕಾವಿನಲ್ಲೇ ತಿರುಗಿಸಿ ಹೊರತೆಗೆದರು. ಮ್ಯಾನಿಫೋಲ್ಡ್ ಕೂಡ ಸ್ವಲ್ಪ ಬಾಗಿತ್ತು, ಲೇತ್ ಅಂಗಡಿಯಲ್ಲಿ ಮುಖ ಮಟ್ಟ ಮಾಡಿಸಿ ತಂದೆವು. ಹೊಸ ಸ್ಟಡ್‌ಗಳು, ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್. ನಟ್‌ಗಳನ್ನು ನಡುವಿನಿಂದ ಎರಡೂ ತುದಿಗಳ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋದರು. ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು.

ಮುಂದಿನ ತಿಂಗಳು ಅದೇ ಘಾಟಿ. ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈಮುಗಿದು ಹೊರಟ ಮೇಲೆ ಅಮ್ಮ ಕಿಟಕಿ ಪೂರ್ತಿ ಇಳಿಸಿ, ಧರೆ ಹತ್ತಿರವಾದಾಗಲೆಲ್ಲ ತಲೆಯನ್ನು ಹೊರಕ್ಕೆ ವಾಲಿಸಿ ಕೇಳಿದಳು. ಟರ್ಬೊದ ಸಣ್ಣ ಸಿಳ್ಳೆ, ಝರಿಯ ನೀರು. ಮೂರನೆಯ ಗೇರಿನಲ್ಲೇ ಘಾಟಿಯ ಮೇಲಿನ ಕೊಟ್ಟಿಗೆಹಾರ ಸೇರಿದೆವು. ಐನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದರು. ಗಾಡಿ ಎಷ್ಟು ಓಡಿದಾಗ ಅದನ್ನು ಮಾಡಿಸಬೇಕೆಂದು ಅಮ್ಮ ಲೆಕ್ಕ ಹಾಕಿ, ಆ ಅಂಕಿಯನ್ನು ದಪ್ಪ ಅಕ್ಷರಗಳಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಾಳೆ.