ಕೊಲ್ಹಾರದ ಎರೆ ಹೊಲ: ಉಳ್ಳಾಗಡ್ಡಿ ಸಾಲಿನಲ್ಲಿ ಹುಲ್ಲು

ಬಿತ್ತಿ 20ನೇ ದಿನ. ಕಸ ಹುಟ್ಟದಂತೆ ಬಿತ್ತಿದ ಮರುದಿನ ಮಣ್ಣಿಗೆ ಹೊಡೆದ ಪೆಂಡಿಮಿಥಾಲಿನ್ ಔಷಧ ಹೆಂಟೆ ಇದ್ದ ಕಡೆ ಸೋತಿದೆ. ಮಳೆಗೆ ಹೆಂಟೆ ಒಡೆದರೆ ಔಷಧ ತಾಗದ ಒಳಮಣ್ಣು ಮೇಲೆ ಬರುತ್ತದೆ, ಹುಲ್ಲು ಹುಟ್ಟಿದ್ದೂ ಅಲ್ಲಿಂದಲೇ. ಇನ್ನೊಮ್ಮೆ ಕುಂಟೆ ಹೊಡೆದಿದ್ದರೆ ಇಷ್ಟು ಬರುತ್ತಿರಲಿಲ್ಲ. ಉಳ್ಳಾಗಡ್ಡಿ ಎಲೆ ಸೆಟೆದು ನಿಲ್ಲುವಂಥದ್ದು; ನೆರಳು ಹಾಕಿ ಕಸ ಅಡಗಿಸುವ ಶಕ್ತಿ ಅದಕ್ಕಿಲ್ಲ.

22ನೇ ದಿನ. ಹುಲ್ಲಿಗೆ 2ರಿಂದ 4 ಎಲೆ. ಹುಲ್ಲಿನ ಜಾತಿಯನ್ನಷ್ಟೇ ಕೊಲ್ಲುವ ಕ್ವಿಜಾಲೋಫಾಪ್ ಈಥೈಲ್ 5 ಇ.ಸಿ. (ನೀರಿಗೆ ಬೆರೆಸುವ 5% ದ್ರವ) ಹೊಡೆಯಲು ಇದೇ ಹದ. ಎಕರೆಗೆ 400 ಮಿ.ಲೀ., 200 ಲೀಟರ್ ನೀರು. ಅಂದರೆ 16 ಲೀಟರ್ ಪಂಪಿಗೆ 32 ಮಿ.ಲೀ. ಬಾಟಲಿ ಮುಚ್ಚಳದ ಅಂದಾಜು ಬೇಡ, ಅಳತೆ ಲೋಟವೇ ಬೇಕು. ಮೊದಲು ಒಂದು ಗುಂಟೆಗೆ ಬರಿ ನೀರು ಹೊಡೆದು ನೋಡಬೇಕು: 5 ಲೀಟರ್ ಹಿಡಿದರೆ ನಡಿಗೆ ಸರಿ, 3ಕ್ಕೇ ಮುಗಿದರೆ ಓಡುತ್ತಿದ್ದೀರಿ. ಫ್ಲಾಟ್ ಫ್ಯಾನ್ ನಾಝಲ್, ಕೈಗವಸು, ಮುಖಕ್ಕೆ ಮಾಸ್ಕ್. 2,4-ಡಿ ಎಂಬ ಅಗಲ ಎಲೆ ಕಸದ ಔಷಧ ಹೊಡೆದ ಪಂಪಾದರೆ ಮುಟ್ಟಲೇಬೇಡಿ, ಉಳಿದ ಹನಿಯೇ ಬೆಳೆಯನ್ನು ಸುರುಳಿ ಮಾಡುತ್ತದೆ.

ಮಣ್ಣಲ್ಲಿ ಹಸಿ ಇರುವಾಗಲೇ ಹೊಡೆಯಬೇಕು. ಬಾಡಿದ ಹುಲ್ಲು ಔಷಧವನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಪಕ್ಕದ ಹೊಲದಲ್ಲಿ ಗೋವಿನಜೋಳ; ಅದೂ ಹುಲ್ಲಿನ ಜಾತಿಯೇ, ಗಾಳಿಗೆ ಹಾರಿದ ಹನಿ ಅದನ್ನೂ ಸುಡುತ್ತದೆ. ಹಾಗಾಗಿ ಒಡ್ಡಿನ ಬದಿಯ ನಾಲ್ಕು ಸಾಲು ಕೈಗಳೆಗೆ ಬಿಟ್ಟದ್ದು.

25ನೇ ದಿನ. ಹೊರಗೆ ಏನೂ ಕಾಣದು, ಹುಲ್ಲು ಹಸಿರಾಗೇ ಇದೆ. ಇಲ್ಲಿ ಗಾಬರಿಬಿದ್ದು ಮತ್ತೆ ಹೊಡೆಯುವವರೇ ಬಹಳ. ಈ ಔಷಧ ಹುಲ್ಲಿನಲ್ಲಿ ಕೊಬ್ಬಿನಾಮ್ಲ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಮೊದಲು ಸಾಯುವುದು ಬೆಳೆಯುವ ಸುಳಿ, ಹಳೆಯ ಎಲೆ ಕೊನೆಗೆ. ಉಳ್ಳಾಗಡ್ಡಿಯ ಕಿಣ್ವಕ್ಕೆ ಇದು ತಟ್ಟದು.

29ನೇ ದಿನ. ನಡುವಿನ ಸುಳಿ ಹಿಡಿದೆಳೆದರೆ ಸಲೀಸಾಗಿ ಕಿತ್ತುಬರುತ್ತಿದೆ, ಬುಡ ಕಂದಾಗಿ ಕೊಳೆತಿದೆ. ಔಷಧ ಹತ್ತಿದೆ.

36ನೇ ದಿನ. ಹುಲ್ಲು ಒಣಗಿತು. ಉಳಿದದ್ದು ಕಾಂಗ್ರೆಸ್ ಕಸ ಮತ್ತು ಜೇಕು. ಜೇಕಿನ ದಂಟು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಎರಡೂ ಹುಲ್ಲಿನ ಜಾತಿಯಲ್ಲ, ಡೋಸ್ ಎಷ್ಟು ಏರಿಸಿದರೂ ದುಡ್ಡು ದಂಡ. ಎರಡನ್ನೂ ಕೈಯಲ್ಲೇ ತೆಗೆಯಬೇಕು.

ಕರಿಕೆ (ಗರಿಕೆ ಹುಲ್ಲು) ಮಾತ್ರ ಹಳದಿಯಾಗಿ ಮತ್ತೆ ಚಿಗುರುತ್ತಿದೆ. ಎಡೆಕುಂಟೆ ಹಾಯಿಸಿದರೆ ಬೇರು ತುಂಡಾಗಿ ಒಂದಕ್ಕೆ ಹತ್ತಾಗುತ್ತದೆ. ಗುಂಪು ಗುಂಪಾಗಿರುವಲ್ಲಿ ಗುದ್ದಲಿಯಿಂದ ಅಗೆದು, ಬೇರುಗಳನ್ನು ಹೊಲದ ಹೊರಗೆ ಬಿಸಿಲಿಗೆ ಹರವಿದ್ದಾಯಿತು.