ಯೋರ್ಬಾ ಲಿಂಡಾದಲ್ಲಿ ಜಮಾ-ಖರ್ಚು

ಲಾಸ್ ಏಂಜಲೀಸ್ ಕಡೆ ಬಂದವರು ಡಿಸ್ನಿಲ್ಯಾಂಡ್ ನೋಡುತ್ತಾರೆ, ಹಾಲಿವುಡ್ ನೋಡುತ್ತಾರೆ. ನಮ್ಮಪ್ಪ ಮಾತ್ರ “ಆ ನಿಕ್ಸನ್ ಮನೆ ಇಲ್ಲೇ ಎಲ್ಲೋ ಇದೆಯಂತಲ್ಲ?” ಅಂದರು.

ಅಪ್ಪ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವರು. 1971ರಲ್ಲಿ ಹೈಸ್ಕೂಲು ಹುಡುಗ. ಆ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಊರಿನ ಹೋಟೆಲ್ ಮುಂದೆ ನಿಂತು ರೇಡಿಯೊ ವಾರ್ತೆ ಕೇಳುವಾಗ ‘ಸೆವೆಂತ್ ಫ್ಲೀಟ್’ ಅನ್ನುವ ಮಾತು ಕಲಿತರಂತೆ, ಅಂದರೆ ಅಮೆರಿಕದ ಒಂದು ನೌಕಾದಳ. ನಮ್ಮನ್ನು ಹೆದರಿಸಲು ಬಂಗಾಳ ಕೊಲ್ಲಿಗೆ ಎಂಟರ್‌ಪ್ರೈಸ್ ಹಡಗು ಕಳಿಸಿದ ಅಮೆರಿಕದ ಅಧ್ಯಕ್ಷ ನಿಕ್ಸನ್‌ನ ಊರನ್ನು ಒಮ್ಮೆ ನೋಡಬೇಕು ಅನ್ನುವ ಹಟ.

ಯೋರ್ಬಾ ಲಿಂಡಾ ಆರೆಂಜ್ ಕೌಂಟಿಯ ಅಚ್ಚುಕಟ್ಟಾದ ಊರು. ಮ್ಯೂಸಿಯಂ ದೊಡ್ಡದು, ಮನೆ ಮಾತ್ರ ಪುಟ್ಟದು. ಬಿಳಿ ಬಣ್ಣದ ಮರದ ಮನೆ, 1912ರಲ್ಲಿ ನಿಕ್ಸನ್ ತಂದೆ ಫ್ರಾಂಕ್ ಕೈಯಾರೆ ಕಟ್ಟಿದ್ದು. ಮರುವರ್ಷ ಜನವರಿಯಲ್ಲಿ ಮಗ ಹುಟ್ಟಿದ. ಸುತ್ತ ಹಾಕಿದ ನಿಂಬೆ ತೋಟ ಕೈಹತ್ತಲಿಲ್ಲ. 1922ರಲ್ಲಿ ಊರು ಬಿಟ್ಟು ವಿಟ್ಟಿಯರ್‌ಗೆ ಹೋದರು. “ಪಾಪ, ತೋಟ ಕಳಕೊಂಡವರ ಮನೆ ಹುಡುಗ” ಅಂದರು ಅಪ್ಪ. ಆಮೇಲೆ ಬಾಯಿ ತಪ್ಪಿ ಅಂದವರ ಹಾಗೆ ಸುಮ್ಮನಾದರು.

ಈ ಮ್ಯೂಸಿಯಂನದ್ದೇ ಒಂದು ಕಥೆ. 1990ರಲ್ಲಿ ಇದನ್ನು ತೆರೆದದ್ದು ಖಾಸಗಿ ದುಡ್ಡಿನಲ್ಲಿ. ನಿಕ್ಸನ್ ಕಡೆಯವರು ವಿರೋಧ ಪಕ್ಷದ ಕಚೇರಿಗೆ ಕಳ್ಳತನದಲ್ಲಿ ನುಗ್ಗಿ, ಆಮೇಲೆ ಅದನ್ನು ಮುಚ್ಚಿಹಾಕಲು ನೋಡಿದ ಹಗರಣವೇ ವಾಟರ್‌ಗೇಟ್. ಆಗಿನ ವಾಟರ್‌ಗೇಟ್ ವಿಭಾಗದ ಪ್ರಕಾರ ತಪ್ಪೆಲ್ಲ ವಿರೋಧಿಗಳದ್ದು! 2007ರಲ್ಲಿ ಸರ್ಕಾರದ ದಾಖಲೆ ಇಲಾಖೆ ವಹಿಸಿಕೊಂಡಿತು. ಇತಿಹಾಸಕಾರ ತಿಮೊತಿ ನಫ್ಟಾಲಿ ನಿರ್ದೇಶಕರಾಗಿದ್ದಾಗ ಆ ಗೋಡೆಗಳನ್ನು ಹೊಸದಾಗಿ ಬರೆಸಿದರು. ನಿಕ್ಸನ್ ಅಭಿಮಾನಿಗಳು ತಕರಾರು ತೆಗೆದರು. ಆದರೂ 2011ರಲ್ಲಿ ಹೊಸ ವಿಭಾಗ ತೆರೆಯಿತು. ಸತ್ತವನ ಬಗ್ಗೆ ತೀರ್ಪು ಅಂದರೆ ಇದೇ ಅಲ್ವಾ, ಗೋಡೆ ಯಾರ ಕೈಯಲ್ಲಿದೆ ಅನ್ನುವುದು? ಆದರೆ ನಿಕ್ಸನ್ ವಿಷಯದಲ್ಲಿ ಅಷ್ಟೇ ಅಲ್ಲ. ಅವನ ಮೇಲೆ ಸಾಕ್ಷಿ ಹೇಳುವುದು ಅವನದೇ ದನಿ. 1971ರ ಫೆಬ್ರವರಿಯಲ್ಲಿ ತನ್ನ ಆಫೀಸಿನಲ್ಲಿ ತಾನೇ ಟೇಪ್ ಹಾಕಿಸಿಕೊಂಡ. ಸುಮಾರು 3,700 ಗಂಟೆ ಮಾತು! ಅದೇ ಟೇಪು ಅವನನ್ನು 1974ರ ಆಗಸ್ಟ್ 9ರಂದು ಮನೆಗೆ ಕಳಿಸಿತು.

ಪರಿಸರ ಸಂರಕ್ಷಣಾ ಸಂಸ್ಥೆ ಶುರುಮಾಡಿದ್ದು ಇವನೇ, 1970ರಲ್ಲಿ. ಅದನ್ನು ಬೇಗ ದಾಟಿದೆವು. ಚೀನಾ ವಿಭಾಗ ಬಂತು. 1972ರ ಫೆಬ್ರವರಿ, ಮಾವೊ ಜೊತೆ ಕೈಕುಲುಕಿದ್ದು. ನಿಕ್ಸನ್‌ನನ್ನು ಕಂಡರಾಗದವರೂ ಮೆಚ್ಚುವ ಕೆಲಸ. ಅಪ್ಪ ಅಲ್ಲೇ ನಿಂತುಬಿಟ್ಟರು.

“ಈ ಬಾಗಿಲು ತೆಗೆಸಿಕೊಟ್ಟವನು ಯಾಹ್ಯಾ ಖಾನ್ ಅಲ್ವೇನೋ?”

ಹೌದು, ಪಾಕಿಸ್ತಾನದ ಆಗಿನ ಅಧ್ಯಕ್ಷ. 1971ರ ಜುಲೈನಲ್ಲಿ ನಿಕ್ಸನ್‌ನ ಸಲಹೆಗಾರ ಕಿಸಿಂಜರ್ ಪಾಕಿಸ್ತಾನಕ್ಕೆ ಹೋಗಿ, ಹೊಟ್ಟೆ ಕೆಟ್ಟಿದೆ ಅಂತ ನಾಟಕ ಆಡಿ, ಗುಟ್ಟಾಗಿ ಬೀಜಿಂಗ್‌ಗೆ ಹಾರಿದ. ಆಗ ಅದೇ ಯಾಹ್ಯಾನ ಸೈನ್ಯ ಪೂರ್ವ ಬಂಗಾಳದಲ್ಲಿ ಜನರನ್ನು ಕೊಲ್ಲುತ್ತಿತ್ತು. ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಢಾಕಾದಲ್ಲಿದ್ದ ಅಮೆರಿಕದ ಅಧಿಕಾರಿ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲೇ ಸ್ವಂತ ಸರ್ಕಾರದ ನೀತಿ ತಪ್ಪು ಅನ್ನುವ ತಂತಿ ಕಳಿಸಿದ್ದರು. ಅವರನ್ನೇ ಅಲ್ಲಿಂದ ಎತ್ತಂಗಡಿ ಮಾಡಿದರು.

“ಲೆಡ್ಜರ್‌ನಲ್ಲಿ ಒಂದು ಎಂಟ್ರಿಗೆ ಎರಡು ಕಡೆ ಇರಬೇಕು ಕಣೋ,” ಅಂದರು ಅಪ್ಪ. “ಜಮಾ ಕಡೆ ಚೀನಾ ಬರೆದರೆ, ಅದೇ ಸಾಲಿನ ಖರ್ಚಿನ ಕಡೆ ಢಾಕಾ ಬರೀಬೇಕು. ವಾಟರ್‌ಗೇಟ್ ಏನು, ಅವರ ಮನೆಯೊಳಗಿನ ಜಗಳ.”

ಅಷ್ಟು ಸಣ್ಣದಲ್ಲ ಅಪ್ಪಾ, ಅಂದೆ. ಅಧ್ಯಕ್ಷನೇ ತನಿಖೆಗೆ ಅಡ್ಡ ನಿಂತದ್ದು. ಕೇಳಿಸಿಕೊಳ್ಳಲಿಲ್ಲ. ಓವಲ್ ಆಫೀಸಿನ ಮಾದರಿ ಕೋಣೆಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳಿ ಅಂದರೆ, “ಆ ಕುರ್ಚಿಯಲ್ಲಿ ನಾನ್ಯಾಕೆ ಕೂರಲಿ?” ಅಂದರು.

ಹೊರಗೆ ಮನೆ ಪಕ್ಕದಲ್ಲೇ ಸಮಾಧಿ. ನಿಕ್ಸನ್, ಹೆಂಡತಿ ಪ್ಯಾಟ್ ಜೊತೆಗೇ ಇದ್ದಾರೆ. ಇತಿಹಾಸ ಕೊಡಬಲ್ಲ ಅತಿ ದೊಡ್ಡ ಗೌರವ ಶಾಂತಿ ತಂದವನು ಅನ್ನುವ ಬಿರುದು ಅಂತ ಅವನದೇ ಭಾಷಣದ ಮಾತು ಕಲ್ಲಿನ ಮೇಲಿದೆ. 1994ರಲ್ಲಿ ಅಂತ್ಯಕ್ರಿಯೆಗೆ ಬಂದಿದ್ದ ಕ್ಲಿಂಟನ್, ನಿಕ್ಸನ್‌ನನ್ನು ಪೂರ್ತಿ ಬದುಕು ನೋಡಿಯೇ ಅಳೆಯಬೇಕು ಅಂದಿದ್ದರು. ಅದನ್ನು ಹೇಳಿದೆ. “ಸರಿಯೇ. ಪೂರ್ತಿ ಅಂದರೆ ನಮ್ಮದೂ ಸೇರಲಿ” ಅಂದರು.

ಕಾರಿನಲ್ಲಿ ಕೂತು ಚಪಾತಿ ರೋಲ್ ತಿನ್ನುತ್ತಾ, ನಿಕ್ಸನ್ ಇಂದಿರಾ ಗಾಂಧಿಗೆ ಬೈದ ಟೇಪು ಫೋನಲ್ಲಿ ಸಿಗುತ್ತಾ ಅಂತ ಕೇಳಿದರು. ಹುಡುಕಿ ಹಾಕಿದೆ. ಗೊರಗೊರ ಸದ್ದು, ನಡುವೆ ಆ ದಪ್ಪ ದನಿ.

“ಸ್ವಲ್ಪ ಜೋರಾಗಿಡು,” ಅಂದರು ಅಪ್ಪ. “ಗ್ಲಾಸ್ ಏರಿಸು.”